ಅವ್ವನೊಳಗಿನ ಫಣಿ

ಬನಹಟ್ಟಿಯ ನಮ್ಮ ಓಣಿಯಲ್ಲಿ ಹುಟ್ಟಿದವರಿಗೆ ಮಗ್ಗದ ಸದ್ದು ಕೇಳಿಸುವುದಿಲ್ಲ. ಅದು ನಿಂತಾಗ ಕೇಳಿಸುತ್ತದೆ. ಕರೆಂಟು ಹೋದ ಗಳಿಗೆ, ಲಾಳಿಗಳೆಲ್ಲ ಅರ್ಧ ದಾರಿಯಲ್ಲಿ ನಿಂತು, ಓಣಿ ಒಮ್ಮೆಲೇ ಅಗಲವಾದ ಹಾಗೆ ಅನಿಸುತ್ತದೆ. ಯಾರದೋ ಮನೆಯ ರೊಟ್ಟಿ ಬಡಿಯುವ ಸದ್ದು, ಬಸ್‌ಸ್ಟ್ಯಾಂಡಿನ ಕಡೆಯಿಂದ ಒಂದು ಹಾರ್ನು, ಮಾಳಿಗೆಯ ಮೇಲೆ ಗುಬ್ಬಿಗಳು, ಎಲ್ಲ ನೀರಿನಡಿಯಿಂದ ಬಂದಂತೆ ಬರುತ್ತವೆ. ಆ ವರ್ಷ ಆ ನಿಶ್ಶಬ್ದದಲ್ಲಿ ನಾನು ಹುಡುಕುತ್ತಿದ್ದದ್ದು ಒಂದೇ ಸದ್ದು, ಪಡಸಾಲೆಯ ಮಂಚದ ಮೇಲೆ ಮಲಗಿದ ಅವ್ವನ ಉಸಿರು.

ಕರೆಂಟು ಹೋದ ಹೊತ್ತು, ಬಂದ ಹೊತ್ತು ಬರೆದಿಡುವುದು ನನಗೆ ಹತ್ತನೆಯ ಇಯತ್ತೆಯಿಂದ ಬಂದ ಚಾಳಿ. ಮೊದಲ ಮಳೆ ಯಾವ ದಿನ, ಬೇವಿನ ಮರ ಯಾವ ವಾರ ಹೂ ಬಿಟ್ಟಿತು, ಅಪ್ಪ ನೂಲು ಸುತ್ತಿದ ಯಾವ ಬೀಮು ಮಗ್ಗಕ್ಕೆ ಯಾವಾಗ ಏರಿಸಿದ, ಎಲ್ಲ ಬರೆಯುತ್ತೇನೆ. "ಕರೆಂಟಿನ ಆಫೀಸ್ನ್ಯಾಗ ನಿನ್ನ ನೌಕರಿಗಿ ಇಟ್ಕೋಬೇಕ ನೋಡ ಲೇ. ಅವರಿಗೇ ಗೊತ್ತಿರೂದಿಲ್ಲ ಎಷ್ಟ ಹೊತ್ತ ತಗದಿದ್ರು ಅಂತ," ಎಂದು ಅಪ್ಪ ಮಗಳ ಚೇಷ್ಟೆ ಮಾಡುತ್ತಾನೆ. ಹೀಗಾಗಿ ಆ ವರ್ಷದ ತಾರೀಖುಗಳೂ ಎಲ್ಲ ನನ್ನ ಹತ್ತಿರ ಇವೆ. ಆದರೆ ಕಣ್ಣು ಮುಚ್ಚಿದರೆ ಅವು ಸಾಲಾಗಿ ಬರುವುದಿಲ್ಲ. ಬಣ್ಣದ ನೀರಿನಲ್ಲಿ ಅದ್ದಿದ ನೂಲಿನ ಹಾಗೆ ಒಂದರೊಳಗೊಂದು ಇಳಿದು ಬರುತ್ತವೆ. ಮೊದಲು ಬರುವುದು ನೀಲಿ.

ಶ್ರಾವಣದ ಒಂದು ಮಧ್ಯಾಹ್ನ. ಅವ್ವ ನೂಲಿಗೆ ಬಣ್ಣ ಹಾಕಿ ಲಡಿಗಳನ್ನು ಮಾಳಿಗೆಯ ಮೇಲೆ ಗಳಕ್ಕೆ ಒಣಗಲು ಹಾಕಿದ್ದಳು. ಹನಿ ಬಿದ್ದವು. ಅವ್ವ ಓಡಿಹೋಗಿ ಅಷ್ಟೂ ನೀಲಿ ಲಡಿಗಳನ್ನು ಹೆಗಲಿಗೆ ಹಾಕಿಕೊಂಡು ಇಳಿಯುವಾಗ ನಡುವಿನ ಮೆಟ್ಟಿಲಲ್ಲಿ ಜಾರಿದಳು. ನಾನು ಓಡಿ ಬಂದಾಗ ಅವಳು ಕೆಳಗೆ ನೂಲಿನ ರಾಶಿಯ ನಡುವೆ ಮಲಗಿದ್ದಳು. ನೋಡಿದರೆ ಹೊಳೆಯ ನಡುವೆ ತೇಲುತ್ತಿರುವ ಹಾಗೆ. "ಲಡಿ ಒಳಗ ಒಯ್ಯ ಮೊದ್ಲ, ತೊಯ್ತಾವ," ಅಂದಳು. ತೊಡೆಯ ಮೇಲಿನ ಎಲುಬು ಮುರಿದಿತ್ತು.

ಜಮಖಂಡಿಯ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು, ಚೆನ್ನಾಗಿಯೇ ಆಯಿತು. ಆದರೆ ಹಾಸಿಗೆಯಲ್ಲಿ ಅಲುಗಾಡದೆ ಮಲಗಿದ್ದಕ್ಕೋ ಏನೋ, ವಾರ ಕಳೆಯುವುದರೊಳಗೆ ಆ ಕಾಲು ಬಾತುಕೊಂಡಿತು. ನಾನು ಅಪ್ಪನ ಅಳತೆ ಪಟ್ಟಿಯಿಂದ ದಿನಾ ಬೆಳಿಗ್ಗೆ ಮೀನಖಂಡದ ಸುತ್ತಳತೆ ತೆಗೆಯುತ್ತಿದ್ದೆ. ಅಳತೆ ಬೆಳೆಯುತ್ತಲೇ ಹೋಯಿತು. ಡಾಕ್ಟರು ಸ್ಕ್ಯಾನಿಂಗ್ ಮಾಡಿ ನೋಡಿ, "ಕಾಲಾಗ ರಕ್ತ ಗಂಟ ಕಟ್ಟೇತ್ರಿ," ಅಂದರು. ಗಂಟು ಅನ್ನುವ ಮಾತು ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆಯಿಂದ ಸಂಜೆಯವರೆಗೆ ಆಡುವ ಮಾತು. ನೂಲಿನಲ್ಲಿ ಗಂಟು ಬಂದರೆ ಮಗ್ಗ ನಿಲ್ಲಿಸಬೇಕು, ಬಿಡಿಸಬೇಕು. ಅವ್ವ ಡಾಕ್ಟರಿಗೆ, "ಬಿಡಸ್ರಿ ಮತ್ತ," ಅಂದಳು, ಅಷ್ಟೇ ಸರಳವಾಗಿ.

ಬಿಡಿಸುವುದಕ್ಕೆ ಇಂಜೆಕ್ಷನ್ ಶುರು ಮಾಡಿದರು. ಅದು ಹೊಸ ಗಂಟು ಕಟ್ಟದ ಹಾಗೆ ನೋಡಿಕೊಳ್ಳುತ್ತದೆ, ಇದ್ದದ್ದನ್ನು ಮೈಯೇ ಮೆಲ್ಲಗೆ ಕರಗಿಸಿಕೊಳ್ಳುತ್ತದೆ ಎಂದು ವಿವರಿಸಿದರು. ಆದರೆ ಮೂರನೆಯ ದಿನ ಅವ್ವ ಕಪ್ಪಗೆ ವಾಂತಿ ಮಾಡಿಕೊಂಡಳು. ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದ ಗುಳಿಗೆಯನ್ನು ವರ್ಷಗಟ್ಟಲೆ ಚಹಾದ ಜೊತೆ ನುಂಗುತ್ತ ಬಂದಿದ್ದಳಂತೆ. ಹೊಟ್ಟೆಯೊಳಗೆ ಹುಣ್ಣಾಗಿತ್ತು, ಇಂಜೆಕ್ಷನ್ನಿನಿಂದ ಅದರಲ್ಲಿ ರಕ್ತ ಸೋರತೊಡಗಿತ್ತು. ಇಂಜೆಕ್ಷನ್ ನಿಲ್ಲಿಸಿದರು, ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಚೀಟಿ ಬರೆದುಕೊಟ್ಟರು.

ಮುಧೋಳ ದಾಟಿ, ಲೋಕಾಪುರ ದಾಟಿ ಹೋಗುವಾಗ ಆ್ಯಂಬುಲೆನ್ಸಿನ ಕಿಟಕಿಯ ಹಾಲುಬಣ್ಣದ ಗಾಜಿನಲ್ಲಿ ಕಬ್ಬಿನ ಹೊಲಗಳು ಬರೀ ಹಸಿರು ನೆರಳಾಗಿ ಹಾದು ಹೋಗುತ್ತಿದ್ದವು. ಅವ್ವ ಅದನ್ನೇ ನೋಡುತ್ತ, "ಯಾರೋ ಹಸಿರ ಹಾಸು ಹಾಸ್ಯಾರ ನೋಡ," ಅಂದಳು. ಅಪ್ಪ ಅವಳ ಕಾಲಿನ ಹತ್ತಿರ ಕುಳಿತು, ರಸ್ತೆಯ ಕುಲುಕಿಗೆ ಗಂಟು ಸಡಿಲಾದೀತೆಂದು ಎರಡೂ ಕೈಯಲ್ಲಿ ಆ ಕಾಲನ್ನು ಮೆತ್ತಗೆ ಹಿಡಿದುಕೊಂಡೇ ಬಂದ.

ಬೆಳಗಾವಿಯ ಡಾಕ್ಟರು ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ದೊಡ್ಡವರಿದ್ದ ಹೆಣ್ಣುಮಗಳು, ನಮ್ಮ ಕಡೆಯ ಮಾತಿನವರು. ಖಾಲಿ ಹಾಳೆಯ ಮೇಲೆ ಒಂದು ಮೈ ಬರೆದರು, ಅದರ ನಡುವೆ ಒಂದು ದಪ್ಪ ಗೆರೆ.

"ನೋಡ್ರಿ ಅಮ್ಮಾರ, ಕಾಲಾಗಿನ ಗಂಟು ಕಿತ್ಕೊಂಡ ಹೊಂಟ್ರ, ಹೊಟ್ಟ್ಯಾಗಿನ ಈ ದೊಡ್ಡ ನರದಾಗ ಹಾದ ಗುಂಡಿಗೀಗಿ ಹೋಗತೈತಿ, ಅಲ್ಲಿಂದ ಪುಪ್ಪಸಕ್ಕ. ಅಲ್ಲಿ ಹೋಗಿ ಸಿಕ್ಕೊಂಡ್ರ ಜೀವಕ್ಕ ಅಪಾಯ. ಔಷಧ ಕೊಡಾಕ ಬರೂದಿಲ್ಲ, ಹೊಟ್ಟ್ಯಾಗ ರಕ್ತ ಸೋರತೈತಿ. ಅದಕ್ಕ ಈ ದೊಡ್ಡ ನರದಾಗ ಒಂದು ಫಿಲ್ಟರ್ ಇಡೂಣು. ಸಣ್ಣ ಛತ್ರಿ ಕಡ್ಡಿ ಇದ್ದಂಗ. ರಕ್ತ ಹಾದ ಹೋಗತೈತಿ, ಗಂಟ ಬಂದ್ರ ಅಲ್ಲೇ ತಡೀತೈತಿ. ಕೊಳ್ಳಾಗಿನ ನರದಾಗಿಂದ ಇಳಸ್ತೀವಿ, ಕೊಯ್ಯೂದಿಲ್ಲ."

"ಒಳಗ ಕಬ್ಬಿಣ ಬಡ್ಯಾಕ ನಾ ಏನ ಚಕ್ಕಡಿ ಗಾಲಿ ಏನ್ರಿ ಬಾಯಾರ?" ಅವ್ವ ಡಾಕ್ಟರಿಗೆ ಅಂದು ಮುಖ ಗೋಡೆಗೆ ತಿರುಗಿಸಿದಳು. "ಬ್ಯಾಡ. ಮನೀಗಿ ಹೋಗೂಣ ನಡೀರಿ."

ಡಾಕ್ಟರು ಇನ್ನೊಮ್ಮೆ ಹೇಳಿದರು. ನಾನು ಹೇಳಿದೆ. ಅವ್ವ ಗೋಡೆಯನ್ನೇ ನೋಡುತ್ತಿದ್ದಳು. ಆಗ ಅಪ್ಪ ಆ ಹಾಳೆಯನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, ಮಗ್ಗದ ಮುಂದೆ ಕುಳಿತು ಮಾತಾಡುವ ದನಿಯಲ್ಲಿ ಹೇಳಿದ.

"ಛತ್ರಿನೂ ಅಲ್ಲ, ಕಬ್ಬಿಣನೂ ಅಲ್ಲ ಬಿಡ. ಇದು ಫಣಿ."

ಅವ್ವ ತಿರುಗಿ ನೋಡಿದಳು.

ಫಣಿ ಎಂದರೆ ಮಗ್ಗದ ಹಣಿಗೆ. ಸಣ್ಣ ಸಣ್ಣ ಉಕ್ಕಿನ ಹಲ್ಲುಗಳು ಒತ್ತೊತ್ತಾಗಿ ನಿಂತಿರುತ್ತವೆ, ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಆ ಹಲ್ಲುಗಳ ಸಂದಿನಲ್ಲಿ ಹಾದುಬರುತ್ತವೆ. ಎಳೆ ಸಲೀಸಾಗಿ ಹೋಗುತ್ತದೆ, ಗಂಟು ಬಂದರೆ ಹಲ್ಲಿಗೆ ಸಿಕ್ಕಿ ನಿಲ್ಲುತ್ತದೆ.

"ಎಳಿ ಬಿಡತೈತಿ, ಗಂಟ ಹಿಡೀತೈತಿ," ಅಂದ ಅಪ್ಪ. "ಇಷ್ಟ ವರ್ಷ ಫಣಿ ಮುಂದ ಕುಂತಿ. ಈಗ ಫಣಿ ನಿನ್ನೊಳಗ ಕುಂದರತೈತಿ."

ಅವ್ವ ಡಾಕ್ಟರನ್ನು ಕೇಳಿದಳು: "ಹಲ್ಲ ಎಷ್ಟ ಅದಾವ್ರಿ?"

ಡಾಕ್ಟರು ನಕ್ಕು, "ಭಾಳ ಇಲ್ರಿ, ಕೈಬೆರಳಾಗ ಎಣಸೂವಷ್ಟ," ಅಂದರು.

"ಹಂಗಾರ ಜಾಳ ಫಣಿ. ದೊರಗಿನ ಬಟ್ಟಿಗಷ್ಟ ಆಗತೈತಿ," ಎಂದು ಅವ್ವ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಮುಂದೆ ಮಾಡಿದಳು. ಸಹಿ ಮಾಡಲು ಬರುತ್ತಿತ್ತು ಅವಳಿಗೆ, ಅವಸರದಲ್ಲಿ ಮರೆತಳು.

ಹಾಕಿದ ಮೇಲೆ ಡಾಕ್ಟರು ನನ್ನನ್ನು ಕರೆದು ಚಿತ್ರ ತೋರಿಸಿದರು. ಬೂದು ಬಣ್ಣದ ಪರದೆ. ಬೆನ್ನೆಲುಬಿನ ಮಣಿಗಳು ಮಂಜಿನಲ್ಲಿ ಕಂಡ ಗುಡ್ಡದ ಸಾಲಿನಂತೆ. ಅದರ ಪಕ್ಕಕ್ಕೆ ಆರೇಳು ಎಳೆ ಗೆರೆಗಳು, ಮೇಲೆ ಒಂದು ಬಿಂದುವಿನಲ್ಲಿ ಕೂಡಿ ಕೆಳಗೆ ಬಿಚ್ಚಿಕೊಂಡಿದ್ದವು. ತಲೆಕೆಳಗಾಗಿ ಹಿಡಿದ ಅರೆಬಿರಿದ ಮಲ್ಲಿಗೆ ಮೊಗ್ಗಿನ ಹಾಗಿತ್ತು. ಅದು ಕಬ್ಬಿಣ, ಅದು ಅವ್ವನೊಳಗಿದೆ ಅನ್ನುವುದು ನೆನಪಾಗಲು ಒಂದು ಗಳಿಗೆ ಬೇಕಾಯಿತು. "ಇದು ಖಾಯಂ ಅಲ್ಲ. ಹೊಟ್ಟೀದು ಹುಣ್ಣು ಮಾಯ್ದು, ಗುಳಿಗಿ ಶುರು ಆದ ಮ್ಯಾಲ ತಗೀಬೇಕು. ದೀಪಾವಳಿ ಮುಗಸ್ಕೊಂಡ ಬರ್ರಿ, ಮರೀಬ್ಯಾಡ್ರಿ. ಭಾಳ ಮಂದಿ ಮರೀತಾರ," ಅಂದರು. ನನಗೆ ಹಾಗೆ ಹೇಳುವ ಅಗತ್ಯವಿರಲಿಲ್ಲ. ಮನೆಗೆ ಬಂದ ದಿನವೇ ಮಗ್ಗದ ಪಕ್ಕದ ಕ್ಯಾಲೆಂಡರಿನಲ್ಲಿ ದೀಪಾವಳಿಯ ಮುಂದಿನ ವಾರಕ್ಕೆ ಕೆಂಪು ಗೆರೆ ಎಳೆದೆ.

ದಸರೆಯ ಹೊತ್ತಿಗೆ ಹೊಟ್ಟೆಯ ಹುಣ್ಣು ಮಾಯ್ದಿತು. ಅವ್ವ ಕೋಲು ಊರಿಕೊಂಡು ಬಾಗಿಲತನಕ ಬರುತ್ತಿದ್ದಳು. ರಕ್ತ ತೆಳ್ಳಗೆ ಮಾಡುವ ಗುಳಿಗೆ ಶುರುವಾಯಿತು. ಕಾಲಿನ ಬಾವು ಇಳಿಯುತ್ತ ಬಂತು, ಅಳತೆಪಟ್ಟಿಗೂ ಅದು ಗೊತ್ತಾಗುತ್ತಿತ್ತು. ಆದರೆ ಅಷ್ಟರಲ್ಲಿ ಅವ್ವ ಮತ್ತು ಫಣಿಯ ನಡುವೆ ಗೆಳೆತನ ಬೆಳೆದುಬಿಟ್ಟಿತ್ತು. ಮಧ್ಯಾಹ್ನ ಕರೆಂಟು ಹೋದಾಗ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಮಲಗಿರುತ್ತಿದ್ದಳು, ಒಳಗೆ ಯಾವುದೋ ಮಗ್ಗ ನಡೆಯುತ್ತಿದೆಯೋ ಎಂದು ಕಿವಿಗೊಟ್ಟವಳ ಹಾಗೆ. ಮಾತಾಡಿಸಲು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು.

"ನಮ್ಮವ್ವಾ, ಹೊಟ್ಟ್ಯಾಗ ಫಣಿ ಇಟಗೊಂಡ ಬಂದಾಳ ಅಂತ ಓಣಿ ತುಂಬ ಸುದ್ದಿ," ಎಂದು ಎದುರುಮನೆ ಕಾಕು ಹೊಸ್ತಿಲಲ್ಲಿ ಕುಳಿತು ನಗುತ್ತಿದ್ದಳು. "ಮತ್ತ ಸೀರಿ ಯಾವಾಗ ಬರತೈತಿ ಬೇ ಹೊರಗ?"

"ನಿನಗ ಒಂದು ಕುಬಸದ ಕಣಾ ನೇಯ್ದ ಕೊಡತೇನಿ ತಡಿ," ಅನ್ನುತ್ತಿದ್ದಳು ಅವ್ವ.

ದೀಪಾವಳಿ ಮುಗಿಯಿತು. ಬೆಳಗಾವಿಗೆ ಹೋಗುವುದು ಎಂದು ನಾನು ಚೀಟಿಗಳನ್ನೆಲ್ಲ ಕೂಡಿಸಿ ಚೀಲದಲ್ಲಿ ಇಡುತ್ತಿದ್ದಾಗ ಅವ್ವ ಮಂಚದ ಮೇಲಿಂದಲೇ ಹೇಳಿದಳು: "ನಾ ಬರೂದಿಲ್ಲ."

"ತಪಾಸಣಿಗಲ್ಲ ಬೇ, ಅದನ್ನ ತಗಸ್ಕೊಂಡ ಬರೂದು."

"ಅದಕ್ಕ ಬರೂದಿಲ್ಲ ಅಂದೆ. ಫಣಿ ಯಾರರ ತಗೀತಾರೇನು?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತಾಯಿತು. ನಮ್ಮಲ್ಲಿ ಹಾಸು ಮುಗಿದರೆ ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಫಣಿಯಲ್ಲಿ ಗೇಣುದ್ದ ಹಳೆಯ ಎಳೆಗಳನ್ನು ಬಿಟ್ಟು, ಹೊಸ ಹಾಸಿನ ಒಂದೊಂದೇ ಎಳೆಯನ್ನು ಅದರ ತುದಿಗೆ ಹೊಸೆದು ಸೇರಿಸುತ್ತಾರೆ. ಅದಕ್ಕೆ ಕೆಚ್ಚು ಹಾಕುವುದು ಅನ್ನುತ್ತಾರೆ. ಹೀಗೆ ಹಳೆಯದರ ಬಾಲ ಹಿಡಿದು ಹೊಸದು ಬರುತ್ತದೆ, ಫಣಿ ಎಂದೂ ಖಾಲಿಯಾಗುವುದಿಲ್ಲ. ಅವ್ವ ಈ ಮನೆಗೆ ಸೊಸೆಯಾಗಿ ಬಂದಾಗ ಅವಳ ಅತ್ತೆ ಹೇಳಿಕೊಟ್ಟ ಮೊದಲ ಮಾತು ಅದಂತೆ: ಫಣಿ ಖಾಲಿ ಬಿಡಬ್ಯಾಡ, ಮಗ್ಗ ಮುನಿಸ್ಕೋತೈತಿ. ಓಣಿಯಲ್ಲಿ ಫಣಿ ಖಾಲಿಯಾಗುವುದು ಒಂದೇ ಸಲ. ನೇಯುವವರು ತೀರಿಹೋಗಿ, ಮುಂದೆ ನೇಯುವವರಿಲ್ಲದೆ, ಆ ಮನೆಯವರು ಮಗ್ಗ ಬಿಚ್ಚಿ ಹಾಕಿದಾಗ.

ಅವ್ವನಿಗೆ ಡಾಕ್ಟರರ ಮಾತು ಹಾಗೆ ಕೇಳಿಸಿತ್ತು. ನಿಮ್ಮ ನೇಯ್ಗೆ ಮುಗಿಯಿತು, ಮಗ್ಗ ಬಿಚ್ಚೋಣ ಬನ್ನಿ ಎಂದಂತೆ.

"ನೀವ ಹೇಳಿದ್ರಿ ಫಣಿ ಅಂತ," ಎಂದಳು ಅಪ್ಪನಿಗೆ.

ಅಪ್ಪ ಲಾಳಿಯಲ್ಲಿ ನೂಲು ಸುತ್ತಿದ ಕಂಡಿಕೆ ಸಿಕ್ಕಿಸುತ್ತಿದ್ದವನು ಹಾಗೇ ನಿಂತ. "ಹೇಳಿದ್ನಿ, ಹೌದ. ಸುಮ್ನ ಹೇಳಿದ್ನಿ. ಖರೆ ಅಂದ್ರ ಅದು ಛತ್ರಿ. ಮಳಿ ನಿಂತ ಮ್ಯಾಲ ಯಾರರ ಛತ್ರಿ ಹಿಡ್ಕೊಂಡ ತಿರಗತಾರೇನು?"

"ಈಗ ಛತ್ರಿ ಆತು. ನಾಳೆ ಸಾಣಿಗಿ ಅಂತೀರಿ."

"ಸಾಣಿಗಿ ಅಂತ ತಿಳ್ಕೊ, ತಪ್ಪೇನು?"

"ನೋಡ, ನೋಡ, ನಿಮ್ಮಪ್ಪ ಮಾತ ಬದಲಸೂದ ನೋಡ," ಎಂದು ಅವ್ವ ನನ್ನನ್ನು ಸಾಕ್ಷಿಗೆ ಕರೆದಳು. ಕಣ್ಣಲ್ಲಿ ನಗು ಇತ್ತು. ಆದರೆ ಹೊಟ್ಟೆಯ ಮೇಲಿನ ಕೈ ಬಿಗಿಯಾಗಿತ್ತು.

ಕೆಂಪು ಗೆರೆಯ ವಾರ ಕಳೆಯಿತು. ಕಾರ್ತಿಕ ಕಳೆಯಿತು. ಡಾಕ್ಟರು ಫೋನಿನಲ್ಲಿ ನನಗೆ ಬಿಡಿಸಿ ಹೇಳಿದರು. ಬಹಳ ದಿನ ಒಳಗೆ ಬಿಟ್ಟರೆ ಅದರ ಕಾಲುಗಳು ರಕ್ತನಾಳದ ಗೋಡೆಯಲ್ಲಿ ಊರಿಕೊಳ್ಳುತ್ತವೆ. ಆಮೇಲೆ ತೆಗೆಯುವುದು ಕಠಿಣ, ಒಮ್ಮೊಮ್ಮೆ ಆಗುವುದೇ ಇಲ್ಲ. ಗಂಟನ್ನು ತಡೆಯಲು ಇಟ್ಟದ್ದರ ಸುತ್ತಲೇ ಗಂಟು ಕಟ್ಟಿ ದಾರಿ ಮುಚ್ಚಬಹುದು. ಗುಳಿಗೆ ಈಗ ಆ ಕೆಲಸ ಮಾಡುತ್ತಿದೆ, ಫಿಲ್ಟರಿನ ಕೆಲಸ ಮುಗಿದಿದೆ. ನಾನು ಅದನ್ನೆಲ್ಲ ಅವ್ವನಿಗೆ ಹೇಳಿದೆ, ಬರೆದುಕೊಂಡದ್ದನ್ನು ಓದಿಯೂ ಹೇಳಿದೆ. ಅವ್ವ ಶಾಂತವಾಗಿ ಕೇಳಿಸಿಕೊಂಡು, "ಊರಲಿ ಬಿಡ. ಊರಿದ್ದ ಛಲೋ, ಬೀಳೂದಿಲ್ಲ," ಅಂದಳು.

ಆ ಚಳಿಗಾಲ ಪೂರ್ತಿ ನನಗೆ ಅರೆನಿದ್ದೆಯಲ್ಲಿ ಕಳೆದ ಹಾಗಿದೆ. ಮಹಾಲಿಂಗಪುರದ ಕಡೆಯಿಂದ ಗಾಳಿ ಬಂದರೆ ಬೆಲ್ಲ ಕುದಿಯುವ ವಾಸನೆ ಬರುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಮಗ್ಗದ ಸದ್ದಿನಲ್ಲಿ ಕಣ್ಣು ಮುಚ್ಚಿದರೆ ಒಂದೇ ಕನಸು. ಹೊಳೆಯ ತಳದಲ್ಲಿ ನಮ್ಮ ಮಗ್ಗ ನಿಂತಿದೆ. ನೀರು ಹಾಸಿನ ಎಳೆಗಳಾಗಿ ಫಣಿಯೊಳಗಿಂದ ಹಾದುಹೋಗುತ್ತಿದೆ. ಅವ್ವ ಮಗ್ಗದ ಹಿಂದೆ ಕುಳಿತಿದ್ದಾಳೆ, ಕೂದಲು ಬಿಚ್ಚಿ ನೀರಿನಲ್ಲಿ ಹರಡಿದೆ, ಮೀನುಗಳು ಬಂದು ಬಂದು ಹಲ್ಲುಗಳಿಗೆ ಮೂತಿ ಒತ್ತಿ ಹಿಂತಿರುಗುತ್ತವೆ. ನಾನು ಅವಳ ಉಸಿರಿನ ಗುಳ್ಳೆಗಳನ್ನು ಎಣಿಸುತ್ತೇನೆ. ಹಲ್ಲುಗಳ ಮೇಲೆ ಪಾಚಿ ಬೆಳೆಯುತ್ತದೆ, ಮೆಲ್ಲಮೆಲ್ಲಗೆ, ಚಂದವಾಗಿ, ಮಖಮಲ್ಲಿನ ಹಾಗೆ. ನೀರಿಗೆ ಹಾದಿ ಕಿರಿದಾಗುತ್ತದೆ. ಅವ್ವ ಅದನ್ನು ಸವರಿ, ಎಷ್ಟ ಮೆತ್ತಗೈತಿ ನೋಡ, ಅನ್ನುತ್ತಾಳೆ. ಅಷ್ಟಕ್ಕೆ ಎಚ್ಚರ. ಎದ್ದು ಪಡಸಾಲೆಗೆ ಹೋಗಿ ನೋಡಿದರೆ ಅವ್ವ ಅವರೆಕಾಯಿ ಸುಲಿಯುತ್ತ ಕುಳಿತಿರುತ್ತಿದ್ದಳು.

ಸಂಕ್ರಾಂತಿಗೆ ಸ್ವಲ್ಪ ಮೊದಲು ಸಾವಕಾರರು, ಅಂದರೆ ನಮಗೆ ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ರಬಕವಿಯ ವ್ಯಾಪಾರಿಗಳು, ಹೊಸ ಮಾತು ಹೇಳಿ ಕಳಿಸಿದರು. ದಪ್ಪ ನೂಲಿನ ಸೀರೆ ಈಗ ನಡೆಯುವುದಿಲ್ಲ, ತೆಳ್ಳನೆಯ ನೂಲು ಕೊಡುತ್ತೇವೆ, ಒಂದು ಮಗ್ಗ ಅದಕ್ಕೆ ತಿರುಗಿಸಿ ಎಂದು. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ಒಂದೇ ನಂಬರಿನ ನೂಲು ನಡೆದುಬಂದಿತ್ತು. ಕೆಚ್ಚಿನ ಮೇಲೆ ಕೆಚ್ಚು ಹಾಕಿದ್ದನ್ನು ಬಿಟ್ಟು ಬೇರೇನನ್ನೂ ನಾನು ನೋಡಿರಲಿಲ್ಲ. ಅಪ್ಪ ಎರಡು ದಿನ ಗಡ್ಡ ಕೆರೆದುಕೊಂಡು ತಿರುಗಾಡಿದ. ಆಮೇಲೆ ಒಂದು ಬೆಳಿಗ್ಗೆ ಹೊಸ ಫಣಿ ಹಳದಿ ಕಾಗದದಲ್ಲಿ ಸುತ್ತಿಕೊಂಡು ಬಂತು.

ಅವ್ವನ ಮಂಚವನ್ನು ಆ ದಿನ ಮಗ್ಗದ ಬದಿಗೆ ಎಳೆದಿದ್ದೆವು, ಬಿಸಿಲು ಬೀಳುತ್ತದೆಂದು. ಅಪ್ಪ ಹಳೆಯ ಹಾಸಿನ ಬಾಲವನ್ನು ಕತ್ತರಿಸಿದ. ಫಣಿಯ ಎರಡೂ ತುದಿ ಸಡಿಲಿಸಿ ಮೇಲಕ್ಕೆತ್ತಿದ. ಎಳೆಗಳು ಹಲ್ಲುಗಳಿಂದ ಜಾರಿ ಮಳೆಯ ಹಾಗೆ ಕೆಳಗಿಳಿದವು. ಖಾಲಿ ಫಣಿ ಬಿಸಿಲಿಗೆ ಹಿಡಿದಾಗ ಅದರ ನೆರಳು ಅವ್ವನ ಸೀರೆಯ ಮೇಲೆ, ಸರಿಯಾಗಿ ಹೊಟ್ಟೆಯ ಮೇಲೆ, ಸಣ್ಣ ಸಣ್ಣ ಗೆರೆಗಳಾಗಿ ಬಿತ್ತು. ಅವ್ವ ಆ ಗೆರೆಗಳನ್ನು ನೋಡುತ್ತ ಕುಳಿತಳು. ಇವತ್ತು ಈ ಖಾಲಿ ಫಣಿಯನ್ನು ಅವಳ ಕಣ್ಣೆದುರು ಎತ್ತಬಾರದಿತ್ತು ಎಂದುಕೊಂಡೆ.

"ಯಾಕ ತಗದ್ರಿ ಅದನ್ನ?" ಅವ್ವ ಕೇಳಿದಳು. ದನಿ ಸಣ್ಣದಿತ್ತು.

"ತಗೀದ ಏನ ಮಾಡ್ಲಿ?" ಅಪ್ಪ ಬೆನ್ನು ತಿರುಗಿಸಿಕೊಂಡೇ ಹೇಳಿದ, ಅವನ ತಲೆಯೆಲ್ಲ ಮಗ್ಗದಲ್ಲಿತ್ತು. "ನೂಲ ತೆಳ್ಳಗಾತು. ತೆಳ್ಳಗಿನ ನೂಲಿಗಿ ಈ ಫಣಿ ಏನ ಉಪಯೋಗ? ಬಟ್ಟಿ ಜಾಳಾಗತೈತಿ. ಮಗ್ಗ ನಡೀಬೇಕಂದ್ರ ಇದು ಹೋಗಬೇಕು."

ಅಪ್ಪ ಹೊಸ ಫಣಿಯ ಕಾಗದ ಬಿಚ್ಚಿದ. ಅದರ ಹಲ್ಲುಗಳು ಎಷ್ಟು ಒತ್ತಾಗಿದ್ದವೆಂದರೆ ಒಂದು ಪಟ್ಟಿ ಬೆಳ್ಳಿ ನೀರು ಹಿಡಿದಂತೆ ಕಾಣುತ್ತಿತ್ತು. ಅವ್ವ ಕುಂಕುಮದ ಭರಣಿ ತಾ ಅಂದಳು. ಫಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ತುದಿಗೆ ಕುಂಕುಮ ಹಚ್ಚಿದಳು, ಬೆರಳನ್ನು ಹಲ್ಲುಗಳ ಮೇಲೆ ಹಾಯಿಸಿದಳು. ಮೆಲ್ಲಗೆ ಒಂದು ಸದ್ದು ಬಂತು, ಸಣ್ಣ ಹಕ್ಕಿ ರೆಕ್ಕೆ ಕೊಡವಿದ ಹಾಗೆ. ಆಮೇಲೆ ನನ್ನನ್ನು ಕೇಳಿದಳು.

"ಲೇ ತಂಗಿ, ನಾ ನುಂಗೂ ಗುಳಿಗಿ ಏನ ಮಾಡತೈತಿ ಅಂದಿದ್ರು ಬಾಯಾರ?"

"ರಕ್ತ..." ಎಂದೆ. ಅಷ್ಟರಲ್ಲೇ ಅವಳು ಎತ್ತ ಹೊರಟಿದ್ದಾಳೆಂದು ಹೊಳೆಯಿತು. "ರಕ್ತ ತೆಳ್ಳಗ ಮಾಡತೈತಿ ಬೇ."

"ಅಂದ್ರ ನನ್ನ ನೂಲೂ ತೆಳ್ಳಗಾತು."

ಅಪ್ಪ ಈಗ ತಿರುಗಿ ನೋಡಿದ.

ನನಗೆ ನಾಲಿಗೆ ತುರಿಸುತ್ತಿತ್ತು. ಆ ಗುಳಿಗೆ ಖರೇ ಅಂದರೆ ರಕ್ತವನ್ನು ತೆಳ್ಳಗೆ ಮಾಡುವುದಿಲ್ಲ, ಹೆಪ್ಪುಗಟ್ಟುವುದನ್ನು ನಿಧಾನ ಮಾಡುತ್ತದೆ ಅಷ್ಟೇ, ಜನರ ಬಾಯಲ್ಲಿ ಹಾಗೆ ಬಂದಿದೆ ಎಂದು ಡಾಕ್ಟರು ನನಗೆ ಹೇಳಿದ್ದರು. ನಾನು ಅದನ್ನು ಬರೆದುಕೊಂಡೂ ಇದ್ದೆ. "ಅಂದ್ರ ಬೇ, ಹಂಗಲ್ಲ..." ಎಂದು ಬಾಯಿ ತೆರೆದೆ. ಅಪ್ಪ ಮಗ್ಗದ ಕೆಳಗಿನಿಂದ ತನ್ನ ಕಾಲಿನಿಂದ ನನ್ನ ಕಾಲನ್ನು ಒತ್ತಿದ, ಬೆರಳು ಜಜ್ಜುವ ಹಾಗೆ.

"ಹಂಗಲ್ಲ ಅಂದ್ರ?" ಅವ್ವ ಕೇಳಿದಳು.

"ಹಂಗ ಅಂತ," ಎಂದೆ.

"ಆ ಜಾಳ ಫಣಿ ಇನ್ನ ಏನ ಹಿಡೀತೈತಿ, ಮಣ್ಣು?" ಎಂದಳು ಅವ್ವ, ಅದನ್ನು ಹೊಟ್ಟೆಯೊಳಗೆ ಇಟ್ಟವರು ನಾವೇ ಎಂಬ ಹಾಗೆ ನಮ್ಮಿಬ್ಬರನ್ನೂ ನೋಡುತ್ತ. "ನೂಲ ಬದಲಿ ಆದದ್ದ ಮೊದಲ ಹೇಳಬಾರದೇನು? ಛತ್ರಿ ಅಂತ, ಸಾಣಿಗಿ ಅಂತ. ಫೋನ್ ಹಚ್ಚ ಬಾಯಾರಿಗಿ."

ಅಪ್ಪ ಹೊಸ ಫಣಿಯಲ್ಲಿ ಎಳೆ ತುಂಬುವ ಕೆಲಸ ಶುರು ಮಾಡಿದ್ದ. ಅರ್ಧ ತುಂಬಿ ಅಲ್ಲಿಗೇ ಬಿಟ್ಟು ನಾವು ಬೆಳಗಾವಿಗೆ ಹೊರಟೆವು. ಜೀಪು ಹತ್ತುವ ಮೊದಲು ಅವ್ವ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಹೊರಬಂದಾಗ ಬೆರಳ ತುದಿಯಲ್ಲಿ ಕುಂಕುಮ ಉಳಿದಿತ್ತು, ಹಣೆಯ ಮೇಲೆ ಹೊಸದೇನೂ ಇರಲಿಲ್ಲ. ಎಲ್ಲಿ ಹಚ್ಚಿಕೊಂಡಿದ್ದಳೆಂದು ಆಸ್ಪತ್ರೆಯಲ್ಲಿ ನರ್ಸು ಬಟ್ಟೆ ಬದಲಿಸುವಾಗ ಗೊತ್ತಾಯಿತು. ಹೊಕ್ಕುಳದ ಮೇಲೆ ಅಚ್ಚುಕಟ್ಟಾಗಿ ಒಂದು ಬೊಟ್ಟು.

ಡಾಕ್ಟರು ಮೊದಲು ನಕ್ಕರು, ಆಮೇಲೆ ಸ್ಕ್ಯಾನಿಂಗ್ ನೋಡಿ ಗಂಭೀರವಾದರು. ಫಿಲ್ಟರು ಸ್ವಲ್ಪ ವಾಲಿದೆ, ಒಂದು ಕಾಲು ಗೋಡೆಗೆ ಒತ್ತಿಕೊಂಡಂತಿದೆ, ಗಂಟು ಮಾತ್ರ ಯಾವುದೂ ಸಿಕ್ಕಿಕೊಂಡಿಲ್ಲ ಅಂದರು. "ಪ್ರಯತ್ನ ಮಾಡತೇವಿ. ಬರಲಿಲ್ಲಂದ್ರ ಜಬರ್ದಸ್ತಿ ಎಳಿಯೂದಿಲ್ಲ. ನರಕ್ಕ ಪೆಟ್ಟಾಗತೈತಿ. ಹಂಗಾದ್ರ ಅಲ್ಲೇ ಬಿಡಬೇಕಾಗತೈತಿ, ಜನ್ಮಪೂರ್ತಿ." ಅಪ್ಪ ತಲೆಯಾಡಿಸಿದ. ಸಿಕ್ಕ ಎಳೆಯನ್ನು ಜಗ್ಗಬಾರದು ಅನ್ನುವುದು ಅವನಿಗೆ ಹೊಸ ಮಾತೇನಲ್ಲ. ಆದರೆ ಅವನ ಕೈ ಟೊಪ್ಪಿಗೆಯನ್ನು ತೆಗೆಯುತ್ತ ಹಾಕುತ್ತ ಇತ್ತು.

ಕೊಳ್ಳಿನ ನರದಿಂದ ಸಣ್ಣ ನಳಿಗೆ ಇಳಿಸಿ, ಅದರೊಳಗಿಂದ ತಂತಿಯ ಕುಣಿಕೆ ಬಿಟ್ಟು, ಫಿಲ್ಟರಿನ ತಲೆಯ ಮೇಲಿರುವ ಕೊಕ್ಕೆಗೆ ಅದನ್ನು ಸಿಕ್ಕಿಸುತ್ತಾರೆ. ಆಮೇಲೆ ನಳಿಗೆಯನ್ನು ಅದರ ಮೇಲೆ ಜಾರಿಸಿದರೆ ಕಾಲುಗಳು ಮಡಿಚಿಕೊಂಡು ಒಳಗೆ ಬರುತ್ತವೆ. ಅವ್ವ ಎಚ್ಚರವಾಗಿಯೇ ಇದ್ದಳು. ಒಳಗೆ ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು. ಕುಣಿಕೆ ಕೊಕ್ಕೆಗೆ ಸಿಗದೆ ಸಿಗದೆ ಜಾರುತ್ತಿತ್ತಂತೆ. ಆಗ ಅವ್ವ ಮಲಗಿದಲ್ಲಿಂದಲೇ, "ಕುಣಿಕಿ ನೇರ ಹಿಡಿಬ್ಯಾಡ್ರಿ ಬಾಯಾರ, ಒಂಚೂರ ಓರಿ ಮಾಡ್ರಿ," ಅಂದಳಂತೆ. ಡಾಕ್ಟರು, "ಅಮ್ಮಾ, ನೀವು ಸುಮ್ನ ಮಲಗ್ರಿ, ಮಾತಾಡಿದ್ರ ಕೊಳ್ಳ ಅಲಗಾಡತೈತಿ," ಎಂದು ಬೈದರಂತೆ.

ಹೊರಗೆ ನಾವಿಬ್ಬರೂ ಬೆಂಚಿನ ಮೇಲೆ ಕುಳಿತಿದ್ದೆವು. ಕಿಟಕಿಯ ಹೊರಗೆ ಯಾವುದೋ ಮರದ ಬಿಳಿ ಹತ್ತಿ ಗಾಳಿಯಲ್ಲಿ ತೇಲುತ್ತಿತ್ತು, ಒಂದೂ ನೆಲಕ್ಕೆ ಇಳಿಯುತ್ತಿರಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಬಾಗಿಲು ತೆರೆದು ಡಾಕ್ಟರು ಬಂದರು, ಕೈಯಲ್ಲಿ ಸಣ್ಣ ಸ್ಟೀಲಿನ ತಾಟು.

"ಬಂತು," ಅಂದರು.

ಅವ್ವನಿಗೂ ತೋರಿಸಿದರು. ತಾಟಿನಲ್ಲಿ ಬಿದ್ದಿದ್ದ ಅದು ಈಗ ಹೂವಿನಂತಿರಲಿಲ್ಲ. ಗಾಳಿಗೆ ಸಿಕ್ಕು ಮಡಿಚಿದ ಸಣ್ಣ ಜೇಡ ಅನ್ನಬಹುದಿತ್ತು. ಒಂದು ಕಾಲಿನ ತುದಿಗೆ ಬಿಳಿಯ ಎಳೆಯೊಂದು ಅಂಟಿತ್ತು, ನರದ ಗೋಡೆ ಬೆಳೆದು ಹಿಡಿದುಕೊಳ್ಳಲು ಶುರುವಾಗಿತ್ತು, ಇನ್ನಷ್ಟು ತಿಂಗಳು ಬಿಟ್ಟಿದ್ದರೆ ಬರುತ್ತಿರಲಿಲ್ಲ ಎಂದರು ಡಾಕ್ಟರು. ಅವ್ವ ಕಣ್ಣು ಕಿರಿದು ಮಾಡಿ ಆ ಎಳೆಯನ್ನು ನೋಡಿದಳು.

"ಕೆಚ್ಚು ಹಾಕಾಕತ್ತಿತ್ತು," ಎಂದಳು ಮೆಲ್ಲಗೆ. ಆಮೇಲೆ, "ಮನೀಗಿ ಒಯ್ಯಬಹುದೇನ್ರಿ?"

"ಇಲ್ಲಮ್ಮಾ, ಕೊಡಾಕ ಬರೂದಿಲ್ಲ."

"ಇರಲಿ ಬಿಡ್ರಿ. ನಮ್ಮ ಮನ್ಯಾಗ ಹಳೇ ಫಣಿ ಇನ್ನೊಂದ ಐತಿ."

ಮರುದಿನ ವಾಪಸು ಬರುವಾಗ ಮುಧೋಳದ ಈಚೆ, ರನ್ನ ಬೆಳಗಲಿಯ ಹೊಲಗಳ ಹತ್ತಿರ, ಕಬ್ಬು ಕಡಿದು ಬಯಲಾದ ನೆಲದ ಮೇಲೆ ಹೊಗೆ ತೆಳ್ಳಗೆ ಹಾಸಿಕೊಂಡಿತ್ತು. ಅವ್ವ ಕೊಳ್ಳಿನ ಪಟ್ಟಿಯ ಮೇಲೆ ಸೆರಗು ಸುತ್ತಿಕೊಂಡು ನನ್ನ ಹೆಗಲಿಗೊರಗಿ ನಿದ್ದೆ ಹೋಗಿದ್ದಳು. ಕೈ ಹೊಟ್ಟೆಯ ಮೇಲಿರಲಿಲ್ಲ, ಸೀಟಿನ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು.

ಓಣಿಗೆ ಕಾಲಿಟ್ಟ ಕೂಡಲೇ ಕಾಕು ಕೇಳಿದಳು: "ಏನಾತ ಬೇ, ತಗದ್ರು?"

"ತಗದ್ರು. ಈಗ ನಾ ತೆಳ್ಳಗಿನ ನೂಲು. ಜೋರಾಗಿ ಮಾತಾಡಬ್ಯಾಡ, ಹರೀತೈತಿ," ಅಂದಳು ಅವ್ವ.

ಎರಡು ದಿನ ಬಿಟ್ಟು, ಅಪ್ಪ ಅರ್ಧಕ್ಕೆ ಬಿಟ್ಟಿದ್ದ ಫಣಿಯನ್ನು ತುಂಬಲು ಕುಳಿತೆವು. ಇದು ಇಬ್ಬರ ಕೆಲಸ. ಒಬ್ಬರು ಹಿಂದಿನಿಂದ ಒಂದೊಂದೇ ಎಳೆ ಆರಿಸಿ ಕೊಡಬೇಕು, ಇನ್ನೊಬ್ಬರು ಮುಂದಿನಿಂದ ಹಲ್ಲಿನ ಸಂದಿನಲ್ಲಿ ಕೊಕ್ಕೆ ತೂರಿಸಿ ಎಳೆದುಕೊಳ್ಳಬೇಕು. ಅಪ್ಪ ಹಿಂದೆ ಕುಳಿತುಕೊಳ್ಳಲು ಹೋದಾಗ ಅವ್ವ, "ಏಳ್ರಿ, ನಿಮ್ಮ ಕಣ್ಣಿಗಿ ಈ ನೂಲ ಕಾಣೂದಿಲ್ಲ," ಎಂದು ಅವನನ್ನು ಎಬ್ಬಿಸಿ ತಾನು ಕುಳಿತಳು. ನಾನು ಮುಂದೆ. ನಮ್ಮಿಬ್ಬರ ನಡುವೆ ಫಣಿ. ಅದರ ಹಲ್ಲುಗಳ ಆಚೆ ಅವ್ವನ ಮುಖ ಮಬ್ಬಾಗಿ ಅಲುಗುತ್ತಿತ್ತು, ನೀರಿನಾಚೆ ಕಂಡ ಹಾಗೆ. ಅವಳ ಬೆರಳು ಎಳೆ ಕೊಡುತ್ತಿತ್ತು, ನನ್ನ ಕೊಕ್ಕೆ ತೆಗೆದುಕೊಳ್ಳುತ್ತಿತ್ತು. ಒಂದು, ಮತ್ತೊಂದು. ಓಣಿಯ ತುಂಬ ಬೇರೆಯವರ ಮಗ್ಗಗಳು ನಡೆಯುತ್ತಿದ್ದವು.

ಕರೆಂಟು ಹೋಯಿತು. ಓಣಿ ಅಗಲವಾಯಿತು. ನಾನು ಅಭ್ಯಾಸಬಲದಿಂದ ಗಡಿಯಾರ ನೋಡಲು ಏಳಲು ಹೋದೆ.

"ಎಲ್ಲಿ ಹೊಂಟಿ ಲೇ? ಎಳಿ ಹಿಡಿ," ಅಂದಳು ಅವ್ವ.

ಹಿಡಿದೆ. ಆಮೇಲೆ ಬರೆಯಲು ಕುಳಿತಾಗ ನೆನಪಾಯಿತು, ಆ ನಿಶ್ಶಬ್ದದಲ್ಲಿ ಅವಳ ಉಸಿರು ಕೇಳಿಸಿಕೊಳ್ಳುವುದನ್ನೂ ಮರೆತಿದ್ದೆ. ಕರೆಂಟು ಎಷ್ಟಕ್ಕೆ ಹೋಯಿತು, ಎಷ್ಟಕ್ಕೆ ಬಂತು ಗೊತ್ತಿಲ್ಲ. ಆ ದಿನದ ಸಾಲು ಖಾಲಿ ಇದೆ.